ಮರಣದ ಕಾರಣವೂ ಒಂದು ಸಾಕ್ಷ್ಯ
(ಅಲಖನೂರಿನಲ್ಲಿ ಮಾಡಿದ ಭಾಷಣದ ಪಠ್ಯ)



ಅಲ್ಲಾಹನು ನಿಶ್ಚಯಿಸಿದ ಘಳಿಗೆಯಲ್ಲಿಯೇ ಮರಣ ಬರುತ್ತದೆಂಬುದು ನಮ್ಮ ವಿಶ್ವಾಸ. ಆದರೆ ಈ ವಿಶ್ವಾಸವು ಮರಣದ ಕಾರಣವನ್ನು ತಿಳಿಯುವ ಹೊಣೆಯಿಂದ ನಮ್ಮನ್ನು ಮುಕ್ತಗೊಳಿಸುವುದಿಲ್ಲ. ಪ್ರವಾದಿಯವರು(ಸ) ಚಿಕಿತ್ಸೆ ಪಡೆಯುವಂತೆ ಬೋಧಿಸಿರುವರು. ರೋಗ ಯಾವುದೆಂದೇ ಅರಿಯದ ಸಮುದಾಯವು ಯಾವ ಚಿಕಿತ್ಸೆ ಪಡೆದೀತು?

ರಾಯಬಾಗ, ಚಿಕ್ಕೋಡಿ, ಅಥಣಿಯ ಕಡೆ ಯಾರಾದರೂ ಹಠಾತ್ತನೆ ತೀರಿಕೊಂಡರೆ 'ಹಾರ್ಟ್ ಅಟ್ಯಾಕ್ ಆಯಿತು', 'ಲಕ್ವಾ ಹೊಡೆಯಿತು' ಎನ್ನುತ್ತೇವೆ. ವಯಸ್ಸಾದವರಾದರೆ 'ವೃದ್ಧಾಪ್ಯ' ಎಂದು ಮುಗಿಸುತ್ತೇವೆ. ಮನೆಯಲ್ಲಿ ಸಂಭವಿಸಿದ ಮರಣವಾದರೆ ಮನೆಯವರ ಈ ಮಾತೇ ಸರಕಾರಿ ದಾಖಲೆಯಾಗಿಬಿಡುತ್ತದೆ.

1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ 21 ದಿನಗಳೊಳಗೆ ಮರಣವನ್ನು ತಿಳಿಸಬೇಕು. ಆದರೆ ನೋಂದಣಿ ಬೇರೆ, ಕಾರಣವನ್ನು ವೈದ್ಯರು ದೃಢೀಕರಿಸುವುದು ಬೇರೆ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಮರಣಗಳ ಪೈಕಿ ಶೇ. 22.5ಕ್ಕೆ ಮಾತ್ರ ವೈದ್ಯಕೀಯ ದೃಢೀಕರಣವಿತ್ತು. ಅವುಗಳಲ್ಲಿ ಶೇ. 32.1 ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದಾದವು. ಉಳಿದ ಮುಕ್ಕಾಲು ಭಾಗಕ್ಕಿಂತ ಹೆಚ್ಚಿನ ಮರಣಗಳ ಬಗ್ಗೆ ಈ ಲೆಕ್ಕವು ಮೌನವಾಗಿದೆ.

ವೈದ್ಯರು ಬರೆದುದೆಲ್ಲವೂ ನಿಖರವೆಂದಲ್ಲ. 'ಹೃದಯಸ್ತಂಭನ' ಎಂದು ಬರೆದರೆ ಅದು ಕಾರಣವಲ್ಲ. ಸಾಯುವ ಪ್ರತಿಯೊಬ್ಬರ ಹೃದಯವೂ ನಿಲ್ಲುತ್ತದೆ. ಅದರ ಹಿಂದಿನ ರೋಗವನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆಯಬೇಕೆಂಬುದೇ ನಮೂನೆಯ ಉದ್ದೇಶ. ಅಧಿಕ ರಕ್ತದೊತ್ತಡದಿಂದ ಮೆದುಳಿನಲ್ಲಿ ರಕ್ತಸ್ರಾವವಾಗಿ ಸತ್ತವರಿಗೆ 'ಹೃದಯಸ್ತಂಭನ' ಎಂದು ಬರೆದರೆ ಲಕ್ವಾದ ಲೆಕ್ಕದಿಂದ ಒಂದು ಜೀವ ಕಳೆದುಹೋಗುತ್ತದೆ.

2025ರಲ್ಲಿ ಹಾಸನದಲ್ಲಿ ನಡೆದುದನ್ನು ನೆನಪಿಸಿಕೊಳ್ಳಿರಿ. ಸಾಲು ಸಾಲು ಹಠಾತ್ ಸಾವುಗಳ ಸುದ್ದಿ ಬಂತು, ಕೋವಿಡ್ ಲಸಿಕೆಯೇ ಕಾರಣವೆಂಬ ವದಂತಿ ಹಬ್ಬಿತು, ಜಯದೇವ ಆಸ್ಪತ್ರೆಯ ಮುಂದೆ ಜನ ಮುಗಿಬಿದ್ದರು. ತಜ್ಞರು 24 ಮರಣಗಳನ್ನು ಪರಿಶೀಲಿಸಿದಾಗ ಅವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದ್ದೇ ಆಗಿರಲಿಲ್ಲ. ಲಸಿಕೆಯ ಆರೋಪಕ್ಕೂ ಆಧಾರ ದೊರೆಯಲಿಲ್ಲ. ಸರಿಯಾದ ದಾಖಲೆಯಿಲ್ಲದ ಕಡೆ ವದಂತಿಯೇ ದಾಖಲೆಯಾಗುತ್ತದೆ.

ಇದರಲ್ಲಿ ಆಳುವವರ ತಪ್ಪೂ ಇದೆ. ಕಾಗದದಲ್ಲಿ ಕಾಣದ ರೋಗಕ್ಕೆ ವೈದ್ಯರನ್ನೂ ಔಷಧವನ್ನೂ ಕೇಳುವುದು ಹೇಗೆ? ಗಡಿಭಾಗದ ತಾಲೂಕುಗಳಿಗೆ ಹೃದ್ರೋಗ ಚಿಕಿತ್ಸೆಯ ಸೌಕರ್ಯ ಬೇಕೆಂದು ವಾದಿಸುವವರ ಕೈಯಲ್ಲಿ ಅಂಕಿಗಳಿರಬೇಕು.

ಮನೆಯಲ್ಲಾದ ಮರಣದ ಕಾರಣ ತಿಳಿಯಲು ದಾರಿಯೇ ಇಲ್ಲವೆಂದಲ್ಲ. ದೇಶದ ಆಯ್ದ ಪ್ರದೇಶಗಳಲ್ಲಿ 2001ರಿಂದ ಸಮೀಕ್ಷಕರು ಮನೆಗೆ ಹೋಗಿ, ಎದೆನೋವಿತ್ತೇ, ಒಂದು ಪಕ್ಕದ ಕೈಕಾಲು ಸೋತಿತ್ತೇ, ಎಷ್ಟು ಹೊತ್ತಿನಲ್ಲಿ ಪ್ರಾಣ ಹೋಯಿತು ಎಂದು ಕೇಳಿ ಬರೆದುಕೊಂಡಿದ್ದಾರೆ. ಅದನ್ನು ಇಬ್ಬರು ವೈದ್ಯರು ಪ್ರತ್ಯೇಕವಾಗಿ ಓದಿ ಕಾರಣ ನಿರ್ಧರಿಸಿದರು. ಮನೆಯವರ ಪ್ರಾಮಾಣಿಕ ಸಾಕ್ಷ್ಯಕ್ಕೆ ಅಷ್ಟು ಬೆಲೆಯಿದೆ. ಸಾಕ್ಷ್ಯವನ್ನು ಬಚ್ಚಿಡಬಾರದೆಂಬ ಕುರ್‌ಆನಿನ ಆದೇಶವು ಇಲ್ಲಿಗೂ ಅನ್ವಯಿಸುವುದಿಲ್ಲವೇ?

ಆದುದರಿಂದ ಮೂರು ವಿನಂತಿಗಳು. ಒಂದು, ಕೊನೆಯ ಕಾಯಿಲೆಯಲ್ಲಿ ನೋಡಿದ ವೈದ್ಯರಿಂದ ಮರಣಕಾರಣದ ಪ್ರಮಾಣಪತ್ರ ಕೇಳಿರಿ. ಇದಕ್ಕೆ ಶುಲ್ಕವಿಲ್ಲ, ದಫನಕ್ಕೆ ತಡವೂ ಆಗಬೇಕಿಲ್ಲ. ನಮಗೆ ದೊರೆಯುವ ಮರಣ ಪ್ರಮಾಣಪತ್ರದಲ್ಲಿ ಕಾರಣ ಇರುವುದಿಲ್ಲ. ಆದರೆ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಆಸ್ಪತ್ರೆಯು ಕಾರಣದ ಪ್ರತಿಯನ್ನು ಹತ್ತಿರದ ಸಂಬಂಧಿಗೆ ಕೊಡಬೇಕು. ಎರಡು, ಜಮಾಅತಿನ ಖಬರಸ್ತಾನದ ಪುಸ್ತಕದಲ್ಲಿ ಹೆಸರು, ತಾರೀಕಿನೊಡನೆ ವಯಸ್ಸು, ಲಕ್ಷಣ, ಬಿಪಿ-ಸಕ್ಕರೆ ಕಾಯಿಲೆಯ ವಿವರವನ್ನೂ ಮನೆಯವರ ಒಪ್ಪಿಗೆಯಿಂದ ಬರೆದಿಡಿರಿ. ಮೂರು, ತಂದೆ ಹೃದಯಾಘಾತದಿಂದ ತೀರಿಕೊಂಡಿದ್ದರೆ ಮಕ್ಕಳು ತಮ್ಮ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿಕೊಳ್ಳಲಿ.

ಮಯ್ಯಿತ್‌ಗಾಗಿ ದುಆ ಮಾಡುವುದು ನಮ್ಮ ಕರ್ತವ್ಯ. ಅವರ ಮರಣದಿಂದ ಪಾಠ ಕಲಿತು ಬದುಕಿರುವವರನ್ನು ಕಾಪಾಡುವುದೂ ಕರ್ತವ್ಯವೇ. ಅಲ್ಲಾಹನು ನಮಗೆ ಸತ್ಯವನ್ನು ಬರೆದಿಡುವ ಸದ್ಬುದ್ಧಿಯನ್ನು ದಯಪಾಲಿಸಲಿ.