ಹಾಲಿನ ಪರೀಕ್ಷೆಯೂ ಕೊಟ್ಟಿಗೆಯ ಮೇವೂ
(ಸಕ್ರೆಬೈಲು ಸೀಮೆಯ ಹಿಡುವಳಿದಾರರಿಗಾಗಿ ಮಾಡಿದ ಉಪನ್ಯಾಸ)



ಹಾಲಿನ ಪರೀಕ್ಷೆಯೆಂದೊಡನೆ ನಮ್ಮ ಜನರಿಗೆ ನೀರಿನ ಕಲಬೆರಕೆಯೊಂದೇ ನೆನಪಿಗೆ ಬರುವುದು ವಾಡಿಕೆ. ನೀರು ಬೆರೆಸುವುದು ಅಪರಾಧವೇ ಸರಿ. ಲ್ಯಾಕ್ಟೋಮೀಟರು ಹಾಲಿನ ಸಾಂದ್ರತೆಯನ್ನು ತೋರಿಸುವುದು. ನೀರು ಸೇರಿದರೆ ಅದರ ಅಂಕೆ ಇಳಿಯುವುದು. ಆದರೆ ಕೆನೆ ತೆಗೆದ ಹಾಲು ಹೆಚ್ಚು ಸಾಂದ್ರವಾಗುವುದರಿಂದ, ಕೆನೆ ತೆಗೆದು ನೀರು ಬೆರೆಸಿದವನು ಆ ಉಪಕರಣವನ್ನು ವಂಚಿಸಬಲ್ಲನು. ಆದುದರಿಂದಲೇ ಸಂಘಗಳಲ್ಲಿ ಜಿಡ್ಡಿನಂಶವನ್ನೂ ಅಳೆಯುವರು.

ಇದಕ್ಕಿಂತ ದೊಡ್ಡ ಕೇಡೊಂದು ಕಣ್ಣಿಗೆ ಕಾಣದೆ ಇರುತ್ತದೆ. 2018ನೆಯ ಇಸವಿಯಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದವರು ದೇಶಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷೆ ಮಾಡಿಸಿದರು. ಆರೋಗ್ಯಕ್ಕೆ ಹಾನಿಕರವಾದ ಕಲಬೆರಕೆ ಕಂಡುಬಂದುದು 12ರಲ್ಲಿ ಮಾತ್ರ. ಅಫ್ಲಾಟಾಕ್ಸಿನ್ ಎಂಬ ವಿಷವು ಮಿತಿ ಮೀರಿದ್ದುದು 368ರಲ್ಲಿ. ಇದನ್ನು ಯಾರೂ ಬೆರೆಸಿದ್ದಲ್ಲ. ಬೂಷ್ಟು ಹಿಡಿದ ಮೇವಿನಿಂದ ಬಂದದ್ದು.

ಕಡಲೆಕಾಯಿ ಹಿಂಡಿ, ಹತ್ತಿಬೀಜದ ಹಿಂಡಿ, ಮುಸುಕಿನ ಜೋಳ, ಇವು ತೇವಗೊಂಡರೆ ಒಂದು ಬಗೆಯ ಬೂಷ್ಟು ಬೆಳೆದು ವಿಷವನ್ನುಂಟುಮಾಡುವುದು. ಹಸು ಅದನ್ನು ತಿಂದರೆ, ಒಂದು ದಿನದೊಳಗಾಗಿ ವಿಷದ ಅಂಶ ಹಾಲಿನಲ್ಲಿ ತೋರುವುದು. ಕಾಯಿಸಿದರೆ ರೋಗಾಣುಗಳು ಸಾಯುವುವು. ಈ ವಿಷವು ಅಳಿಯದು. ಇದು ಯಕೃತ್ತಿಗೆ ಕೇಡು ಮಾಡತಕ್ಕದ್ದು. ಹಾಲನ್ನೇ ನೆಚ್ಚಿದ ಮಕ್ಕಳಿಗೆ ಇದರ ಭಯ ಹೆಚ್ಚು. ಕಾನೂನಿನ ಮಿತಿ ಕಿಲೋಗ್ರಾಮಿಗೆ 0.5 ಮೈಕ್ರೋಗ್ರಾಮು ಮಾತ್ರ.

ತುಂಗೆಯ ದಡದ ನಮ್ಮ ಸೀಮೆಯಲ್ಲಿ ಮಳೆಗಾಲದ ತೇವಕ್ಕೆ ಬೂಷ್ಟು ಬಹು ಬೇಗ ಹಿಡಿಯುವುದು. ಒಬ್ಬನ ಕೊಟ್ಟಿಗೆಯ ಹಾಲು ಸಂಘದ ಕ್ಯಾನಿನಲ್ಲಿ ಊರಿನ ಹಾಲಿನೊಡನೆ ಬೆರೆಯುವುದು. ಒಬ್ಬನ ಅಜಾಗ್ರತೆಯಿಂದ ಎಲ್ಲರ ಹಾಲಿಗೂ ಕುಂದು.

ಆದುದರಿಂದ ಕೆಳಗಿನ ಕ್ರಮಗಳನ್ನು ಪಾಲಿಸತಕ್ಕದ್ದು. ಮಳೆಗಾಲದಲ್ಲಿ ಹಿಂಡಿಯನ್ನು ಸ್ವಲ್ಪ ಸ್ವಲ್ಪವಾಗಿ ಕೊಳ್ಳಬೇಕು. ಚೀಲಗಳನ್ನು ನೆಲಕ್ಕಾಗಲಿ ಗೋಡೆಗಾಗಲಿ ತಾಗಿಸದೆ ಹಲಗೆಯ ಮೇಲಿಡಬೇಕು. ಜೋಳವನ್ನು ಚೆನ್ನಾಗಿ ಒಣಗಿಸಿಯೇ ತುಂಬಬೇಕು. ಬೂಷ್ಟು ಹಿಡಿದದ್ದನ್ನು ಒಳ್ಳೆಯದರೊಡನೆ ಬೆರೆಸಿ ಹಾಕಕೂಡದು, ಕರುವಿಗೂ ಹಾಕಕೂಡದು. ಕೆಟ್ಟ ಮೇವನ್ನು ನಿಲ್ಲಿಸಿದರೆ ಕೆಲವು ದಿನಗಳಲ್ಲಿ ಹಾಲು ಶುದ್ಧವಾಗುವುದು.

ಇನ್ನು ಆಹಾರ ಸುರಕ್ಷತಾಧಿಕಾರಿಯು ಮಾದರಿ ತೆಗೆಯಲು ಬಂದರೆ ಅಂಜಬೇಕಾಗಿಲ್ಲ. 2006ನೆಯ ಇಸವಿಯ ಕಾನೂನಿನಂತೆ ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕುವರು. ನಾಲ್ಕನೆಯ ಭಾಗವನ್ನು ಮಾನ್ಯತೆ ಪಡೆದ ಬೇರೊಂದು ಪ್ರಯೋಗಶಾಲೆಗೆ ಕಳುಹಿಸಬೇಕೆಂದು ಮಾರುವವನು ಕೇಳಬಹುದು. ಅದರ ವೆಚ್ಚ ಅವನದೇ. ವಿಶ್ಲೇಷಕರ ವರದಿ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮೇಲ್ಮನವಿಗೂ ಅವಕಾಶವುಂಟು.

ಅಧಿಕಾರಿ ಬರುವುದು ಅಪರೂಪ. ಗೊಂದಿಗೆಗೆ ಮೇವು ಹಾಕುವ ಕೈ ದಿನಕ್ಕೆರಡು ಸಾರಿ ಪರೀಕ್ಷೆ ಮಾಡಬಲ್ಲುದು. ಮುಖಂಡರಾದವರು ಈ ಮಳೆಗಾಲಕ್ಕೆ ಮೊದಲೇ ಊರಿನ ಹಿಂಡಿಚೀಲಗಳನ್ನು ನೆಲದಿಂದ ಮೇಲೆತ್ತಿಸಬೇಕೆಂದು ನನ್ನ ಪ್ರಾರ್ಥನೆ.