ಆನೆದಾರಿ
ನೆಲದ ಮೇಲೆ ನಡೆದಾಡುವ ಜೀವಿಗಳಲ್ಲಿ ಆನೆಯೇ ದೊಡ್ಡದು. ದೇಶದಲ್ಲೇ ಹೆಚ್ಚು ಕಾಡಾನೆಗಳಿರುವುದು ನಮ್ಮ ಕರ್ನಾಟಕದಲ್ಲಿ. 2023ರ ಅಂದಾಜಿನಂತೆ 6,395. ದಿನಕ್ಕೆ ಸುಮಾರು 150 ಕಿಲೋ ಮೇವು ಬೇಡುವ ಈ ಜೀವ ಒಂದೇ ಕಡೆ ನಿಂತರೆ ಕಾಡೇ ಬರಿದಾದೀತು. ಅದಕ್ಕೇ ಹಿಂಡು ನಡೆಯುತ್ತಲೇ ಇರುತ್ತದೆ, ಹಿರಿಯ ಹೆಣ್ಣಾನೆ ಮುಂದೆ. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿನತ್ತ, ಮಳೆ ಬಿದ್ದ ಮೇಲೆ ಚಿಗುರಿದ ಕಾಡಿನೊಳಕ್ಕೆ. ದಾರಿ ಅವಳ ನೆನಪಿನಲ್ಲಿದೆ. ಆ ದಾರಿಯಲ್ಲಿ ನಾವು ಕಾಲುವೆ ತೋಡಿದ್ದೇವೆ, ರೆಸಾರ್ಟು ಕಟ್ಟಿದ್ದೇವೆ. ದಾರಿ ಮುಚ್ಚಿದ ಹಿಂಡು ಹೊಲಕ್ಕೆ ನುಗ್ಗುತ್ತದೆ. ಬೆಳೆ ಕಳೆದುಕೊಂಡ ರೈತನ ಸಂಕಟವೂ ಸಣ್ಣದಲ್ಲ, ಪರಿಹಾರ ಅವನ ಕೈಗೆ ಬೇಗ ಸೇರಬೇಕು. ಕಾಡುಪ್ರಾಣಿಗಳ ಓಡಾಟಕ್ಕೆ ಅಡ್ಡಿಯಾಗದಿರಲೆಂದು ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಬಿಳಿಗಿರಿರಂಗನ ಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟದ ಕಡೆಗೆ ಹೋಗುವ ಎಡೆಯಾರಹಳ್ಳಿಯ ಆನೆದಾರಿಗಾಗಿ ರೈತರಿಂದ ಜಮೀನನ್ನೇ ಕೊಂಡು ಕಾಡಿಗೆ ಬಿಡಲಾಗಿದೆ. ಉಳಿದ ದಾರಿಗಳಿಗೂ ಇಂಥ ಕೆಲಸ ಬೇಗ ಆಗಬೇಕು.