ಬೇಸಿಗೆ ರಜೆಯ ಎರಡು ವಾರ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ಬೋನಸ್ಸು, ವಾರದ ರಜೆ ಎಂಬ ಮಾತುಗಳನ್ನು ನನ್ನ ಬಾಯಿಂದ ನೀವು ಬೇಕಾದಷ್ಟು ಕೇಳಿದ್ದೀರಿ. ಇಂದು ನಮ್ಮ ಮಕ್ಕಳ ರಜೆಯ ವಿಷಯವಾಗಿ ನಾಲ್ಕು ಮಾತು ಅರಿಕೆ ಮಾಡುತ್ತೇನೆ.

ಬೇಸಿಗೆ ಬಂತೆಂದರೆ ನಮ್ಮಲ್ಲಿ ಹಲವರು ಊರಿನಿಂದ ಹುಡುಗನನ್ನು ಮುಂಬಯಿಗೆ ಕರೆಸುತ್ತಾರೆ. "ಸುಮ್ಮನೆ ತಿರುಗುವ ಬದಲು ನಾಲ್ಕು ಕಾಸು ಸಂಪಾದಿಸಲಿ" ಎನ್ನುತ್ತಾರೆ. ಬಡತನ ಆಡಿಸುವ ಮಾತು ಅದು. ನಾನು ಯಾರನ್ನೂ ದೂರುವುದಿಲ್ಲ. ಆದರೆ ಅದೇ ರಜೆಯಲ್ಲಿ ಸರಕಾರದ ಖರ್ಚಿನಲ್ಲಿ ವಿಜ್ಞಾನ ಕಲಿಯುವ ದಾರಿಯೊಂದಿದೆ. ಅದು ನಮಗೆ ತಿಳಿದಿರಬೇಕು.

ನಮ್ಮ ಬಾಹ್ಯಾಕಾಶ ಸಂಸ್ಥೆ ಇಸ್ರೋ 2019ರಲ್ಲಿ 'ಯುವಿಕಾ' ಎಂಬ ಶಿಬಿರವನ್ನು ಆರಂಭಿಸಿತು. 9ನೇ ತರಗತಿಯಲ್ಲಿ ಓದುವ ಮಕ್ಕಳಿಗೆ ಬೇಸಿಗೆಯಲ್ಲಿ ಸುಮಾರು ಎರಡು ವಾರ ನಡೆಯುತ್ತದೆ. ಬೆಂಗಳೂರು, ತಿರುವನಂತಪುರ, ಅಹಮದಾಬಾದ್, ಹೈದರಾಬಾದ್ ಮೊದಲಾದ ಕಡೆಗಳಲ್ಲಿರುವ ಇಸ್ರೋ ಕೇಂದ್ರಗಳಲ್ಲೇ ವಾಸ. ವಿಜ್ಞಾನಿಗಳೇ ಪಾಠ ಹೇಳುತ್ತಾರೆ. ಮಕ್ಕಳು ಪ್ರಯೋಗಶಾಲೆಗಳನ್ನು ನೋಡುತ್ತಾರೆ, ಮಾದರಿ ರಾಕೆಟ್ಟನ್ನು ತಮ್ಮ ಕೈಯಿಂದ ಜೋಡಿಸುತ್ತಾರೆ. ಊಟ, ವಸತಿ, ಪುಸ್ತಕ, ರೈಲಿನ ಖರ್ಚು ಎಲ್ಲವೂ ಇಸ್ರೋದ್ದು. ಮಗುವನ್ನು ಬಿಟ್ಟು ಕರೆತರುವ ಒಬ್ಬ ಪೋಷಕರ ರೈಲು ಖರ್ಚನ್ನೂ ಕೊಡುತ್ತಾರೆ.

ಆಯ್ಕೆ ಹೇಗೆ? ಈಚಿನ ವರ್ಷಗಳ ಪ್ರಕಟಣೆಯಂತೆ ನೂರಕ್ಕೆ 50 ಅಂಕ 8ನೇ ತರಗತಿಯ ಪರೀಕ್ಷೆಗೆ. 10 ಅಂಕ ಆನ್‌ಲೈನ್ ರಸಪ್ರಶ್ನೆಗೆ. ಹಿಂದಿನ ಮೂರು ವರ್ಷಗಳಲ್ಲಿ ವಿಜ್ಞಾನ ಮೇಳದಲ್ಲಿ ಭಾಗವಹಿಸಿದ್ದರೆ ಶಾಲಾ ಮಟ್ಟಕ್ಕೆ 2, ಜಿಲ್ಲೆಗೆ 5, ರಾಜ್ಯ ಮತ್ತು ಮೇಲಿನ ಮಟ್ಟಕ್ಕೆ 10. ಒಲಿಂಪಿಯಾಡ್, ಆಟೋಟ, ಸ್ಕೌಟು ಅಥವಾ ಎನ್‌ಸಿಸಿಗೂ ಒಂದಿಷ್ಟು ಉಂಟು. ಕೊನೆಯದನ್ನು ಗಮನವಿಟ್ಟು ಕೇಳಿ: ಗ್ರಾಮ ಪಂಚಾಯತಿ ವ್ಯಾಪ್ತಿಯ ಶಾಲೆಯಲ್ಲಿ ಓದುವ ಮಗುವಿಗೆ 15 ಅಂಕ.

ನಾವಿಲ್ಲಿ ತಟ್ಟೆ ಎತ್ತುತ್ತಿದ್ದರೂ ನಮ್ಮಲ್ಲಿ ಎಷ್ಟೋ ಜನರ ಮಕ್ಕಳು ತಾಯಿ ಅಜ್ಜಿಯರ ಜತೆ ಊರಿನ ಶಾಲೆಯಲ್ಲೇ ಇದ್ದಾರೆ. "ಹಳ್ಳಿ ಶಾಲೆ, ಏನು ಬಂತು" ಎಂದು ನಾವು ಕೊರಗುತ್ತೇವೆ. ಇಲ್ಲಿ ಆ ಹಳ್ಳಿ ಶಾಲೆಯೇ ಮಗುವಿನ ಬಲ.

ಆದರೆ ಚಾಳಿನಲ್ಲಿದ್ದು ಮುನಿಸಿಪಾಲಿಟಿ ಶಾಲೆಗೆ ಹೋಗುವ ಕೆಲಸಗಾರನ ಮಗುವಿಗೆ ಈ 15 ಅಂಕ ಸಿಗುವುದಿಲ್ಲ. ಹಳ್ಳಿಯ ಬಡತನಕ್ಕೆ ಲೆಕ್ಕವಿದ್ದರೆ ನಗರದ ಬಡತನಕ್ಕೂ ಇರಬೇಡವೇ? ಇದನ್ನು ಸಂಘದ ಮೂಲಕ ಬರೆದು ಕೇಳಬೇಕೆಂದು ಸೂಚಿಸುತ್ತೇನೆ. ಕೇಳದೆ ಕೊಡುವವರಿಲ್ಲ ಎಂಬುದನ್ನು ನಾವು ಸಂಬಳದ ವಿಷಯದಲ್ಲಿ ಕಲಿತಿದ್ದೇವೆ.

ಈಗ ಮಾಡಬೇಕಾದ್ದು ಮೂರು. ಮೊದಲನೆಯದು, ಮಗು 9ಕ್ಕೆ ಬಂದ ಮೇಲೆ ಎಚ್ಚೆತ್ತರೆ ತಡವಾಯಿತು. 7ನೇ ತರಗತಿಯಿಂದಲೇ ವಿಜ್ಞಾನ ಮೇಳಕ್ಕೆ ಕಳಿಸಿ, ಪ್ರಮಾಣಪತ್ರಗಳನ್ನು ಜೋಪಾನವಾಗಿಡಿ. ಎರಡನೆಯದು, ಈಚಿನ ವರ್ಷಗಳಲ್ಲಿ ಫೆಬ್ರವರಿ, ಮಾರ್ಚ್ ಸುಮಾರಿಗೆ ಇಸ್ರೋ ಜಾಲತಾಣದಲ್ಲಿ ಅರ್ಜಿ ಕರೆದಿದ್ದಾರೆ. ಆ ತಿಂಗಳುಗಳಲ್ಲಿ ವಿಚಾರಿಸುತ್ತಿರಿ. ಮೂರನೆಯದು, ಹೆಡ್‌ಮಾಸ್ತರರ ಸಹಿಯನ್ನು ಕೊನೆಯ ದಿನಕ್ಕೆ ಬಿಡಬೇಡಿ. ಫಾರಂ ತುಂಬಲು ಬಾರದೆ ಯಾರೂ ಹಿಂದೆ ಸರಿಯಬೇಕಾಗಿಲ್ಲ. ರಾತ್ರಿ ಶಾಲೆಯಲ್ಲಿ ಕಲಿತು ಮುಂದೆ ಬಂದ ತರುಣರು ನಮ್ಮ ನಡುವೆ ಇದ್ದಾರೆ, ಅವರು ಕೂತು ತುಂಬಿಕೊಡಲಿ.

ಇಡೀ ದೇಶಕ್ಕೆ ಇರುವುದು ಕೆಲವೇ ನೂರು ಸ್ಥಾನ. ಅರ್ಜಿ ಹಾಕಿದವರೆಲ್ಲ ಆಯ್ಕೆಯಾಗುವುದಿಲ್ಲ. ಆದರೂ ಮೇಳಕ್ಕೆಂದು ಮಾಡಿದ ಪ್ರಯೋಗ, ರಸಪ್ರಶ್ನೆಗೆಂದು ಓದಿದ ಪಾಠ ಮಗುವಿನಲ್ಲೇ ಉಳಿಯುತ್ತವೆ.

ಬಂಧುಗಳೇ, ಹುಡುಗ ಎರಡು ವಾರ ಬಾರದಿದ್ದರೆ ಯಾವ ಹೋಟೆಲೂ ಬಾಗಿಲು ಹಾಕುವುದಿಲ್ಲ. 9ನೇ ತರಗತಿಯಾದರೋ ಜೀವಮಾನದಲ್ಲಿ ಒಮ್ಮೆ ಬರುವಂಥದು. ಹುಡುಗಿಯರನ್ನೂ ಮರೆಯಬೇಡಿ, ಅರ್ಜಿ ಅವರಿಗೂ ಉಂಟು.